ಉದ್ಯೋಗ: ಇಲ್ಲ

ಭಾರತದ ಮಹಾ ನೋಂದಣಾಧಿಕಾರಿಗಳು ಮತ್ತು ಜನಗಣತಿ ಆಯುಕ್ತರಿಗೆ,
ಹಾಗೂ 2027ರ ಫೆಬ್ರವರಿಯಲ್ಲಿ ನಮ್ಮ ಮನೆಬಾಗಿಲಿಗೆ ಬರಲಿರುವ ಗಣತಿದಾರರಿಗೆ,

ಮಾನ್ಯರೇ,

ನನ್ನ ತಾಯಿ ತೀರಿಕೊಂಡ ಒಂಬತ್ತನೆಯ ದಿನ ಮರಣ ನೋಂದಣಿಗೆಂದು ನಾನೇ ಕಚೇರಿಗೆ ಹೋದೆ. ಸಾವನ್ನು ಇಪ್ಪತ್ತೊಂದು ದಿನಗಳೊಳಗೆ ವರದಿ ಮಾಡಬೇಕೆಂಬುದು ನಿಯಮವಾದ್ದರಿಂದ, ತಿಥಿಯ ಗಡಿಬಿಡಿ ಶುರುವಾಗುವ ಮೊದಲೇ ಅದೊಂದು ಮುಗಿದುಬಿಡಲಿ ಎಂದು ತಮ್ಮ ಹೇಳಿದ್ದ. ಮೇಜಿನ ಆಚೆಗಿದ್ದ ಗುಮಾಸ್ತರು ಒರಟಾಗಿ ಮಾತನಾಡಲಿಲ್ಲ, ನನ್ನನ್ನು ಕಾಯಿಸಲೂ ಇಲ್ಲ. ಹೆಸರು, ವಯಸ್ಸು, ತೀರಿಕೊಂಡ ಸ್ಥಳ, ಗಂಡನ ಹೆಸರು ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತ ಹೋದವರು, ಪೆನ್ನನ್ನು ಕಾಗದದಿಂದ ಎತ್ತದೆಯೇ, "ಕೆಲಸಕ್ಕೇನಾದರೂ ಹೋಗ್ತಿದ್ರಾ?" ಎಂದರು. "ಇಲ್ಲ, ಮನೆಯಲ್ಲೇ ಇದ್ರು" ಎಂದೆ. ಮೃತರ ಉದ್ಯೋಗ ಎಂಬ ಅಂಕಣದಲ್ಲಿ ಅವರು 'ಇಲ್ಲ' ಎಂದು ಬರೆದರು. ಉದ್ಯೋಗವಿಲ್ಲದಿದ್ದರೆ ಹಾಗೆಯೇ ಬರೆಯಬೇಕೆಂದು ಆ ನಮೂನೆಯೇ ಹೇಳುತ್ತದೆ. ನಾನು ಕೆಳಗೆ ಸಹಿ ಹಾಕಿದೆ.

ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಎದುರಿಗೆ ಕಂಡದ್ದು ಅಮ್ಮನ ಹೊಲಿಗೆ ಮೆಷಿನ್. ಅದರ ಸೂಜಿಯಲ್ಲಿ ಇನ್ನೂ ನೀಲಿ ದಾರವಿತ್ತು. ನಲವತ್ತೆರಡು ವರ್ಷ ಆ ಮೆಷಿನ್ನಿನ ಮುಂದೆ ಕುಳಿತು ನಮ್ಮನ್ನು ಓದಿಸಿ, ಮದುವೆ ಮಾಡಿ, ಅಪ್ಪನ ಕಾಯಿಲೆಯನ್ನೂ ನೋಡಿಕೊಂಡ ಹೆಂಗಸಿಗೆ ಉದ್ಯೋಗವಿರಲಿಲ್ಲ ಎಂದು ನಾನು, ಆಕೆಯ ಮಗಳು, ಇಪ್ಪತ್ತು ನಿಮಿಷದ ಹಿಂದೆ ಸರ್ಕಾರಕ್ಕೆ ಬರೆದುಕೊಟ್ಟು ಬಂದಿದ್ದೆ.

ಈ ಪತ್ರವನ್ನು ತಮಗೆ ಬರೆಯಲು ಕಾರಣವಿದೆ. ಜನನ ಮರಣಗಳ ನೋಂದಣಿ ಮತ್ತು ಜನಗಣತಿ ಎರಡೂ ದೇಶದಮಟ್ಟದಲ್ಲಿ ತಮ್ಮ ಕಚೇರಿಯ ಹೊಣೆ. ಆ ಮರಣ ವರದಿಯಲ್ಲಿ ಉದ್ಯೋಗದ ಅಂಕಣವಿರುವ ಭಾಗವನ್ನು ಅಂಕಿಅಂಶಕ್ಕೆಂದು ಬೇರ್ಪಡಿಸಿ ಕಳುಹಿಸುತ್ತಾರೆ. ನಮ್ಮ ಕೈಗೆ ಬರುವ ಮರಣ ಪ್ರಮಾಣಪತ್ರದಲ್ಲಿ ಆ ವಿವರ ಇರುವುದಿಲ್ಲ. ಹಾಗಾಗಿ ಅಮ್ಮನ ಹೆಸರು ನಮ್ಮ ಬಳಿ ಉಳಿಯಿತು, ಆಕೆಯ 'ಇಲ್ಲ' ಮಾತ್ರ ತಮ್ಮ ಲೆಕ್ಕಕ್ಕೆ ಸೇರಿತು. ನನ್ನ ತಪ್ಪನ್ನು ನಾನು ಒಪ್ಪುತ್ತೇನೆ. ಆದರೆ ನನ್ನಂಥ ಅಕ್ಷರಸ್ಥೆಯ ಬಾಯಿಂದಲೇ ಆ ಮಾತು ಅಷ್ಟು ಸಲೀಸಾಗಿ ಹೊರಬಿದ್ದದ್ದು ಹೇಗೆ ಎಂಬುದನ್ನು ತಾವೂ ಸ್ವಲ್ಪ ಯೋಚಿಸಬೇಕೆಂದು ಕೋರುತ್ತೇನೆ.

ಆ ಮೆಷಿನ್ ನಮ್ಮ ಮನೆಗೆ ಬಂದದ್ದು 1981ರಲ್ಲಿ. ಊರಿನಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದವರೊಬ್ಬರು ತರಗತಿ ಮುಚ್ಚಿ ಬೇರೆ ಕಡೆ ಹೊರಟಾಗ ಅಮ್ಮ ಅದನ್ನು ಕೊಂಡುಕೊಂಡರು. ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ, ಆ ಮನೆಯ ಐವರು ಹೆಂಗಸರ ಬಟ್ಟೆಗಳನ್ನು ಒಂದೂವರೆ ವರ್ಷ ಬಿಟ್ಟಿ ಹೊಲಿದುಕೊಟ್ಟು ಬೆಲೆ ತೀರಿಸಿದರು. ಸಿದ್ಧವಾದ ಬಟ್ಟೆಯ ಗಂಟನ್ನು ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದರಂತೆ. ಕಾಲಿನಲ್ಲಿ ತುಳಿಯುವ ಮೆಷಿನ್ ಅದು. ಚರ್ಮದ ಪಟ್ಟಿ ಸಡಿಲವಾದರೆ ಅದನ್ನು ಕತ್ತರಿಸಿ ಕೊಂಡಿ ಹಾಕುವುದು, ಬಾಬಿನ್ ಕೇಸಿನಲ್ಲಿ ಸಿಕ್ಕಿಕೊಂಡ ನೂಲನ್ನು ಸೂಜಿಯ ಮೊನೆಯಿಂದ ಬಿಡಿಸುವುದು, ಎಣ್ಣೆ ಬಿಡುವುದು, ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಎಣ್ಣೆ ಬಿಟ್ಟ ಮೇಲೆ ಮೊದಲು ಹಳೆಯ ಬಟ್ಟೆಯೊಂದರ ಮೇಲೆ ಹತ್ತು ಗೀಟು ಹೊಲಿದು, ಕಲೆ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಗಿರಾಕಿಯ ಬಟ್ಟೆ ಮುಟ್ಟುತ್ತಿದ್ದರು.

ಅಮ್ಮನ ಕಸುಬು ಎಂಥದ್ದೆಂದು ತಿಳಿಯಬೇಕಾದರೆ ಅವರ ಅಳತೆ ಪುಸ್ತಕಗಳನ್ನು ನೋಡಬೇಕು. ಇನ್ನೂರು ಪುಟದ ಶಾಲೆಯ ನೋಟುಬುಕ್ಕುಗಳು ಮೂವತ್ತೊಂದಿವೆ. ಗಿರಾಕಿಗಳ ಹೆಸರು ಅವುಗಳಲ್ಲಿ ಕಡಿಮೆ. 'ನರ್ಸಮ್ಮ', 'ಅಂಚೆಯವರ ದೊಡ್ಡ ಮಗಳು', 'ಮೂಲೆಮನೆ ಸೊಸೆ' ಎಂದೇ ಹೆಚ್ಚು. ಪ್ರತಿ ಗುರುತಿನ ಕೆಳಗೆ ಉದ್ದ, ಎದೆ, ಸೊಂಟ, ತೋಳು, ತೋಳಿನ ಸುತ್ತು, ಕುತ್ತಿಗೆ ಎಂದು ಇಂಚಿನಲ್ಲಿ ಅಂಕಿಗಳಿವೆ. ಮೂಲೆಮನೆ ಸೊಸೆಯದು 1988ರಲ್ಲಿ ಎದೆ 32. ಎರಡು ವರ್ಷದ ನಂತರ 36, ಪಕ್ಕದಲ್ಲಿ 'ಬಾಣಂತಿ, ಮುಂದೆ ಉಕ್ಸು' ಎಂಬ ಟಿಪ್ಪಣಿ. 2004ರ ಪುಸ್ತಕದಲ್ಲಿ 40 ಇದೆ, 'ಬಗಲು ಬಿಗಿ ಅಂತಾರೆ, ಅರ್ಧ ಬಿಡಬೇಕು'. 2019ರಲ್ಲಿ ಮತ್ತೆ 34ಕ್ಕೆ ಇಳಿದಿದೆ. ಅಲ್ಲಿ ಅಮ್ಮ ಬರೆದಿರುವುದು ಇಷ್ಟೇ: 'ಎಡಗಡೆ ಒಳಜೇಬು, ಹತ್ತಿ'.

ಆ ಟಿಪ್ಪಣಿಯ ಅರ್ಥ ನನಗೆ ತಿಳಿದದ್ದು ಈಚೆಗೆ. ಆ ಮೂಲೆಮನೆ ಸೊಸೆಗೆ, ನಾನು ಅತ್ತಿಗೆ ಎನ್ನುವವರಿಗೆ, ಸ್ತನದ ಶಸ್ತ್ರಚಿಕಿತ್ಸೆಯಾಗಿತ್ತು. ಎದುರುಮನೆಗೂ ಸೆರಗು ಹೊದ್ದು ಹೋಗಲು ಹಿಂಜರಿಯುತ್ತಿದ್ದ ಅವರಿಗೆ, ರವಿಕೆಯ ಎಡಭಾಗದ ಲೈನಿಂಗಿನ ಹಿಂದೆ ಮೆತ್ತನೆಯ ಮಲ್ಲಿನ ಜೇಬೊಂದನ್ನು ಮಾಡಿ, ಒಗೆಯುವಾಗ ಹತ್ತಿಯನ್ನು ತೆಗೆದಿಟ್ಟುಕೊಳ್ಳಲು ಬರುವಂತೆ ಮೇಲ್ಗಡೆ ಬಾಯಿ ಬಿಟ್ಟು, ಆ ಬಾಯಿಯ ಹೊಲಿಗೆ ಗಾಯದ ಗೆರೆಗೆ ತಾಗದಂತೆ ಅರ್ಧ ಇಂಚು ಓರೆಯಾಗಿ ತಿರುಗಿಸಿ ಅಮ್ಮ ಹೊಲಿದುಕೊಟ್ಟಿದ್ದರು. ಯಾವ ತರಗತಿಯಲ್ಲೂ ಅದನ್ನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಅತ್ತಿಗೆ ಬಾಯಿಬಿಟ್ಟು ಕೇಳಿಯೂ ಇರಲಿಲ್ಲವಂತೆ. ಅಳತೆ ತೆಗೆದುಕೊಳ್ಳುವಾಗ ಟೇಪು ಒಂದು ಕಡೆ ತಗ್ಗಿದ್ದನ್ನು ಅಮ್ಮನ ಕೈ ಗ್ರಹಿಸಿತ್ತು. ಆ ರವಿಕೆಯನ್ನು ನನಗೆ ತಂದು ತೋರಿಸಿದ್ದು ಸ್ವತಃ ಅತ್ತಿಗೆಯೇ, ಅಮ್ಮ ತೀರಿಕೊಂಡ ಮೇಲೆ. ನುರಿತ ಕಸುಬುದಾರರನ್ನು ಪಟ್ಟಿ ಮಾಡುವ ದೇಶದಲ್ಲಿ ಈ ಹೆಂಗಸಿಗೆ ಒಂದು ಸಾಲು ಸಿಗಬೇಕಿತ್ತು ಎಂದು ನಾನು ಭಾವಿಸುತ್ತೇನೆ.

ಇನ್ನು ಆಕೆಯ ಸಂಸಾರದ ಮಾತು. ಅಪ್ಪ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಹೆಂಡತಿಯ ಮೇಲೆ ಕೈಯೆತ್ತಿದವರಲ್ಲ, ಆಕೆಯ ದುಡ್ಡಿಗೆ ಕೈಹಾಕಿದವರೂ ಅಲ್ಲ. ಆದರೆ ಹೆಂಡತಿ ದುಡಿಯುತ್ತಾಳೆ ಎಂದು ನಾಲ್ಕು ಜನರೆದುರು ಹೇಳುವುದು ತಮ್ಮ ದುಡಿಮೆ ಸಾಲದೆಂದು ಒಪ್ಪಿಕೊಂಡಂತೆ ಎಂಬುದು ಅವರ ಎಣಿಕೆಯಾಗಿತ್ತು. ಅವರ ಕಡೆಯ ನೆಂಟರು ಬರುವ ದಿನ ಮೆಷಿನ್ನಿನ ತಲೆಯನ್ನು ಒಳಗೆ ಮಡಚಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೊಂದು ಹೂದಾನಿ ಇಟ್ಟರೆ ಮೇಜಿನಂತೆಯೇ ಕಾಣುತ್ತಿತ್ತು. ಆ ಕಸೂತಿಯೂ ಅಮ್ಮನದೇ. ಗಿರಣಿ ಹದಿನಾಲ್ಕು ತಿಂಗಳು ಮುಚ್ಚಿದ್ದಾಗ ಹೂದಾನಿಯನ್ನು ಎತ್ತಿಟ್ಟವರು ಮತ್ತೆ ಇಳಿಸಲಿಲ್ಲ. ಅಷ್ಟೂ ದಿನ ಒಲೆ ಉರಿದದ್ದು ಶಾಲೆಯ ಯೂನಿಫಾರಮ್ಮುಗಳಿಂದ. ಗಿರಣಿಯ ಬಾಗಿಲು ತೆರೆದ ವಾರವೇ ಹೂದಾನಿ ತನ್ನ ಜಾಗಕ್ಕೆ ಮರಳಿತು.

ವರ್ಷಕ್ಕೆ ಒಂದು ದಿನ ಮಾತ್ರ ಆ ಮೆಷಿನ್ನನ್ನು ಯಾರೂ ಮುಚ್ಚುತ್ತಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಅಪ್ಪನೇ ಅದನ್ನು ಒರೆಸಿ, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕತ್ತರಿ, ಟೇಪುಗಳನ್ನು ಪಕ್ಕದಲ್ಲಿ ಜೋಡಿಸಿ ಆರತಿ ಎತ್ತುತ್ತಿದ್ದರು. ತಮ್ಮ ಸೈಕಲ್ಲಿನ ಸರದಿ ಆಮೇಲೆ. ಉದ್ಯೋಗವಿಲ್ಲದವಳಿಗೆ ಆಯುಧ ಎಲ್ಲಿಂದ ಬಂತು ಎಂದು ನಮಗಾರಿಗೂ ಹೊಳೆಯಲಿಲ್ಲ. ದೇವರ ಮುಂದೆ ಒಪ್ಪಿಕೊಂಡದ್ದನ್ನು ಗಣತಿದಾರರ ಮುಂದೆ ಒಪ್ಪಿಕೊಳ್ಳಲು ನಮ್ಮ ಮನೆಗೆ ಆಗಲಿಲ್ಲ. 1991ರಲ್ಲಿಯೂ 2001ರಲ್ಲಿಯೂ ಜಗಲಿಯ ಮೇಲೆ ಕುಳಿತ ಗಣತಿದಾರರಿಗೆ ಅಪ್ಪ ಹೇಳಿದ್ದು ಒಂದೇ ಮಾತು: "ಮನೇಲೇ ಇರ್ತಾಳೆ." ಎರಡನೆಯ ಸಲ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು, ಗಣತಿದಾರರಿಗೂ ಕೇಳಿಸಿರಬೇಕು.

ಅಪ್ಪನನ್ನೊಬ್ಬರನ್ನೇ ದೂರುವುದು ಸರಿಯಲ್ಲ, ಏಕೆಂದರೆ ಅಮ್ಮನನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಬೆಳಿಗ್ಗೆ ನಲ್ಲಿಯ ನೀರಿಗೆ ಎದ್ದು, ಅಡುಗೆ ಮುಗಿಸಿ, ನಮ್ಮನ್ನು ಕಳುಹಿಸಿ, ಹತ್ತು ಗಂಟೆಗೆ ಮೆಷಿನ್ನಿಗೆ ಕುಳಿತರೆ ಒಂದು ಗಂಟೆಯವರೆಗೆ. ಮತ್ತೆ ಎರಡೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ. ರಾತ್ರಿ ಊಟವಾದ ಮೇಲೆ ಟಿವಿಯ ಮುಂದೆ ಕಾಲು ಚಾಚಿ ಕೂತು ಕಾಜಾ, ಉಕ್ಸು, ಹೆಮ್ಮಿಂಗು. ಈ ಕೊನೆಯ ಎರಡು ಗಂಟೆಗೆ ನಮ್ಮ ಮನೆಯಲ್ಲಿದ್ದ ಹೆಸರು 'ಅಮ್ಮ ಸುಮ್ಮನೆ ಕೂತಿರೋ ಹೊತ್ತು'. ಅವರೂ ಅದನ್ನು ಹಾಗೆಯೇ ಕರೆಯುತ್ತಿದ್ದರು. ಯಾರಾದರೂ ಹೊಗಳಿದರೆ "ನಂದೇನು ಕೆಲಸ ಬಿಡಿ, ಮಕ್ಕಳ ಖರ್ಚಿಗೆ ಅಂತ ಒಂದೆರಡು ಹೊಲಿಗೆ" ಎನ್ನುವರು. ದುಡಿದದ್ದೆಲ್ಲ ಮಕ್ಕಳಿಗೆ ಎಂದ ಮಾತ್ರಕ್ಕೆ ದುಡಿಮೆಯೇ ಅಲ್ಲವೆಂದಾಗಿಬಿಡುವ ಈ ವಿಚಿತ್ರ ಲೆಕ್ಕ ಗಂಡಸರಿಗೆ ಅನ್ವಯವಾಗುವುದನ್ನು ನಾನು ಕಂಡಿಲ್ಲ. ಅಪ್ಪನ ಸಂಬಳವೂ ಮಕ್ಕಳಿಗೇ ಖರ್ಚಾಯಿತು. ಅವರನ್ನು ಯಾರೂ ಸಂಸಾರಕ್ಕಾಗಿ ಸುಮ್ಮನೆ ಗಿರಣಿಗೆ ಹೋಗಿ ಬರುವವರು ಎನ್ನಲಿಲ್ಲ.

ಈಗ ನನ್ನ ಎರಡನೆಯ ತಪ್ಪೊಪ್ಪಿಗೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. 2011ರ ಫೆಬ್ರವರಿ 9ರಿಂದ 28ರವರೆಗೆ ನಡೆದ ಜನಗಣತಿಯಲ್ಲಿ ನಾನೂ ಗಣತಿದಾರಳಾಗಿದ್ದೆ. ನನ್ನ ಪಾಲಿಗೆ ಬಂದದ್ದು ನೂರಾ ಮೂವತ್ತು ಚಿಲ್ಲರೆ ಮನೆಗಳು, ಪ್ರತಿ ಮನೆಗೆ 29 ಪ್ರಶ್ನೆಗಳ ನಮೂನೆ. ಅದರಲ್ಲಿ, ಕಳೆದ ವರ್ಷದಲ್ಲಿ ಈ ವ್ಯಕ್ತಿ ಯಾವಾಗಲಾದರೂ ಕೆಲಸ ಮಾಡಿದ್ದರೇ ಎಂಬ ಪ್ರಶ್ನೆಯಿತ್ತು. ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ದುಡಿಮೆಗಾರರು, ಏನೂ ಇಲ್ಲದಿದ್ದರೆ ದುಡಿಯದವರು. ದುಡಿಯದವರಲ್ಲಿ ಮತ್ತೆ ವಿಂಗಡಣೆ: ವಿದ್ಯಾರ್ಥಿ, ಮನೆಗೆಲಸ, ಅವಲಂಬಿತರು, ಪಿಂಚಣಿದಾರರು, ಬಾಡಿಗೆಯ ಆದಾಯದವರು, ಭಿಕ್ಷುಕರು, ಇತರೆ. ಹೆಂಗಸರ ಕೆಲಸ ಲೆಕ್ಕದಿಂದ ತಪ್ಪಿಹೋಗುವುದುಂಟು, ಕೆದಕಿ ಕೇಳಿ ಎಂದು ನಮ್ಮ ಕೈಪಿಡಿಯಲ್ಲಿ ಸೂಚನೆ ಇತ್ತು. ತರಬೇತಿಯಲ್ಲಿ ಆ ಪುಟವನ್ನು ಓದಿಯೂ ಹೇಳಿದರು.

ಕ್ಷೇತ್ರಕ್ಕೆ ಇಳಿದ ಮೇಲೆ ನಡೆದದ್ದೇ ಬೇರೆ. ಬೆಳಿಗ್ಗೆ ಶಾಲೆ, ಸಂಜೆ ಗಣತಿ. ಕತ್ತಲಾಗುವ ಮೊದಲು ಹತ್ತು ಮನೆಯಾದರೂ ಮುಗಿಯಬೇಕು. ಮನೆಯ ಯಜಮಾನರು ಹೊರಗೆ ಬಂದು ಕೂರುತ್ತಾರೆ, ನಾವು "ನಿಮ್ಮ ಮನೆಯವರು ಕೆಲಸಕ್ಕೆ ಹೋಗ್ತಾರಾ?" ಎನ್ನುತ್ತೇವೆ, ಅವರು ಇಲ್ಲವೆನ್ನುತ್ತಾರೆ, ನಾವು ಚೌಕದೊಳಗೆ ಮನೆಗೆಲಸದ ಸಂಕೇತ ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ. ನಮೂನೆಯಲ್ಲಿದ್ದ ಪ್ರಶ್ನೆ ಕೆಲಸ ಮಾಡುತ್ತಾರೆಯೇ ಎಂಬುದು. ನಾವು ಕೇಳಿದ್ದು ಕೆಲಸಕ್ಕೆ ಹೋಗುತ್ತಾರೆಯೇ ಎಂದು. ಬಾಯಿಗೆ ಬಂದ ಆ ಒಂದು ಪದದಿಂದ ಹೊಸಿಲು ದಾಟದೆ ದುಡಿದವರೆಲ್ಲರೂ ದುಡಿಯದವರಾದರು. ಪಡಸಾಲೆಯಲ್ಲಿ ಬೀಡಿ ಸುತ್ತುತ್ತಿದ್ದವರ ಎದುರಿಗೇ, ಸೀರೆಗೆ ಕುಚ್ಚು ಕಟ್ಟುತ್ತಿದ್ದವರ ಎದುರಿಗೇ ನಾನು ಹಾಗೆ ಬರೆದಿದ್ದೇನೆ. ಹೊಲಿಗೆಗಾರ್ತಿಯ ಮಗಳಾದ ನನಗೇ ಎರಡನೆಯ ಪ್ರಶ್ನೆ ಕೇಳಬೇಕೆನಿಸಲಿಲ್ಲ. ಆ ಗಣತಿಯಲ್ಲಿ ದುಡಿಯುವ ಹೆಂಗಸರ ಪ್ರಮಾಣ ದೇಶದಲ್ಲಿ ನೂರಕ್ಕೆ 25.5, ಗಂಡಸರದು 53.3 ಎಂದು ಪ್ರಕಟವಾದಾಗ ಪತ್ರಿಕೆಯಲ್ಲಿ ಓದಿ, ಹೆಂಗಸರು ಇನ್ನೂ ಮನೆಯಿಂದ ಹೊರಬರಬೇಕು ಎಂದು ಸ್ಟಾಫ್ ರೂಮಿನಲ್ಲಿ ನಾನೇ ಮಾತಾಡಿದ್ದು ನೆನಪಿದೆ.

ನಿಯಮದಲ್ಲಿ ಅಮ್ಮನಿಗೆ ಜಾಗವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಜಾಗವಿತ್ತು. ಮನೆಯ ಒಬ್ಬರೋ ಹೆಚ್ಚು ಜನರೋ ಸೇರಿ, ಮನೆಯ ಆವರಣದೊಳಗೆ, ನೋಂದಾಯಿತ ಕಾರ್ಖಾನೆಯ ಮಟ್ಟಕ್ಕಲ್ಲದೆ ನಡೆಸುವ ತಯಾರಿಕೆ, ರಿಪೇರಿ ಅಥವಾ ಸೇವೆಯನ್ನು ಜನಗಣತಿಯು ಗೃಹ ಕೈಗಾರಿಕೆ ಎಂದು ಕರೆಯುತ್ತದೆ. ಅಂದರೆ ತಮ್ಮದೇ ವ್ಯಾಖ್ಯೆಯ ಪ್ರಕಾರ ನಮ್ಮ ಮನೆಯ ನಡುಮನೆ ಒಂದು ಕೈಗಾರಿಕೆ, ಅಮ್ಮ ಅದರ ಮುಖ್ಯ ದುಡಿಮೆಗಾರ್ತಿ. 1991ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಲದಲ್ಲಿ ಅಥವಾ ಮನೆಯ ಉದ್ದಿಮೆಯಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿದಂತೆ ಎಂಬ ಮಾತನ್ನು ಪ್ರಶ್ನೆಯೊಳಗೇ ಅಚ್ಚು ಹಾಕಿಸಿದ್ದರು. ಕೇಳುವ ರೀತಿ ಬದಲಾದರೆ ಉತ್ತರವೂ ಬದಲಾಗುತ್ತದೆಂಬುದು ತಮ್ಮ ಕಚೇರಿಗೆ ಹೊಸದಲ್ಲ. 1961ರಲ್ಲಿ ಹಂಗಾಮಿನ ಬಹುಪಾಲು ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ದುಡಿದವರನ್ನೂ ಲೆಕ್ಕಕ್ಕೆ ಹಿಡಿದಾಗ ನೂರಕ್ಕೆ ಸುಮಾರು 28ರಷ್ಟಿದ್ದ ಹೆಣ್ಣು ದುಡಿಮೆಗಾರರ ಪ್ರಮಾಣ, 1971ರಲ್ಲಿ 'ಮುಖ್ಯ ಚಟುವಟಿಕೆ ಏನು' ಎಂದು ಕೇಳಿದ ಕೂಡಲೇ ಸುಮಾರು ಅರ್ಧಕ್ಕೆ ಕುಸಿಯಿತು. ಆ ಹತ್ತು ವರ್ಷದಲ್ಲಿ ದೇಶದ ದುಡಿಯುವ ಹೆಂಗಸರಲ್ಲಿ ಅರ್ಧದಷ್ಟು ಜನ ಕೈಕಟ್ಟಿ ಕೂತರೆಂದು ನಂಬುವವರು ಯಾರೂ ಇರಲಾರರು.

ಈ ಲೋಪವನ್ನು ನಾನು ಮೊದಲು ಕಂಡುಹಿಡಿದೆನೆಂಬ ಭ್ರಮೆಯೂ ನನಗಿಲ್ಲ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಸ್ವಂತ ದುಡಿಮೆಯ ಹೆಂಗಸರ ಸಂಘವಾದ 'ಸೇವಾ' ಕಟ್ಟಿ, ಅದನ್ನು ಕಾರ್ಮಿಕ ಸಂಘವೆಂದು ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕರು ಹೇಗಾದೀರಿ ಎಂಬ ಆಕ್ಷೇಪ ಬಂದಿತ್ತು. ಅವರದೇ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು 1988ರಲ್ಲಿ ಸಲ್ಲಿಸಿದ 'ಶ್ರಮಶಕ್ತಿ' ವರದಿಯ ಮುಖ್ಯ ದೂರುಗಳಲ್ಲಿ ಹೆಂಗಸರ ದುಡಿಮೆ ಲೆಕ್ಕಕ್ಕೆ ಸಿಗದಿರುವುದೂ ಒಂದು. 2010ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ. ಕೆ. ಗಂಗೂಲಿ ಅವರು, 2001ರ ಜನಗಣತಿಯು ಮನೆಗೆಲಸದ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಗುಂಪಿಗೆ ಸೇರಿಸಿದ್ದನ್ನು ಕಟುವಾಗಿಯೇ ಟೀಕಿಸಿದರು. ಅಮ್ಮನ ವಿಷಯದಲ್ಲಿ ಅನ್ಯಾಯ ಎರಡು ಪಟ್ಟು: ಮನೆಗೆಲಸವನ್ನೂ ಮಾಡಿದರು, ಅದರ ಮೇಲೆ ಕಸುಬನ್ನೂ ಮಾಡಿದರು, ಮೊದಲನೆಯದು ಎರಡನೆಯದನ್ನು ನುಂಗಿತು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆಂದು ತಿಳಿಯಿತು. 2024ರ ಸಮೀಕ್ಷೆಯಲ್ಲಿ ಅವು 289 ಮತ್ತು 88 ಆಗಿವೆ. ಸಾರು ಕುದಿಯುತ್ತಿರುವಾಗ ಒಲೆಯ ಪಕ್ಕದಲ್ಲಿ ನಿಂತೇ ಉಕ್ಸು ಹಾಕುತ್ತಿದ್ದ ಅಮ್ಮನ ನಿಮಿಷಗಳನ್ನು ಯಾವ ಕಡೆಗೆ ಹಾಕಬೇಕೆಂದು ನಾನು ಬಹಳ ಯೋಚಿಸಿದ್ದೇನೆ.

ಕಾಗದದಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಏನು ಮುಳುಗಿತು ಎನ್ನುವವರಿದ್ದಾರೆ. ಅಸಂಘಟಿತ ದುಡಿಮೆಗಾರರ ಇ-ಶ್ರಮ್ ನೋಂದಣಿ ಆರಂಭವಾದದ್ದು 2021ರ ಆಗಸ್ಟ್‌ನಲ್ಲಿ, 16ರಿಂದ 59 ವರ್ಷದವರಿಗೆ. ಕಸುಬಿನ ಹೆಸರಿನಲ್ಲಿ ತಾನೂ ಒಂದು ಚೀಟಿ ಪಡೆಯಬಹುದು ಎಂಬ ಆ ಅವಕಾಶ ಬಂದಾಗ ಅಮ್ಮನಿಗೆ ಅರವತ್ತು ದಾಟಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಸಾಲ ಎಲ್ಲವೂ ಇವೆ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಮತ್ತು ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಅಮ್ಮನ ಬಳಿ ಕಲಿತ ಹುಡುಗಿಯೊಬ್ಬಳು ನಮ್ಮ ಬೀದಿಯಲ್ಲೇ ಇದ್ದಾಳೆ. ಗಂಡ ಗಾರೆ ಕೆಲಸದವನು. ಇಬ್ಬರ ಕಸುಬೂ ಆ ಹದಿನೆಂಟರಲ್ಲಿ ಇದೆ. ಅರ್ಜಿ ಯಾರ ಹೆಸರಿನಲ್ಲಿ ಹೋಯಿತೆಂದು ನಾನು ಬೇರೆ ಹೇಳಬೇಕಾಗಿಲ್ಲ. ಈ ನಿಯಮ ತಮ್ಮ ಕಚೇರಿಯದಲ್ಲ, ನಿಜ. ಆದರೆ ಒಂದೇ ಸೂರಿನಡಿ ಇಬ್ಬರು ಕಸುಬುದಾರರಿರುವ ಮನೆಗಳು ದೇಶದಲ್ಲಿ ಎಷ್ಟಿವೆ ಎಂದು ಲೆಕ್ಕ ಕೊಡಬಲ್ಲವರು ತಾವೊಬ್ಬರೇ, ಆ ಲೆಕ್ಕ ಇಲ್ಲದೆ ಇಂಥ ನಿಯಮಗಳನ್ನು ಪ್ರಶ್ನಿಸುವುದು ಕಷ್ಟ.

ಅಮ್ಮ ಹೋದ ಮೇಲೆ ಊರಿನವರು ಚೌಕದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸಿದರು. 'ಮಮತಾಮಯಿ, ತ್ಯಾಗಮಯಿ, ಆದರ್ಶ ಗೃಹಿಣಿ' ಎಂದಿತ್ತು. ಪ್ರೀತಿಯಿಂದಲೇ ಮಾಡಿದ್ದು, ನಾನು ಕೈಮುಗಿದೆ. ಆದರೆ ಫ್ಲೆಕ್ಸಿನ ಕೆಳಗೆ ನಿಂತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅಮ್ಮ ಹೊಲಿದ ರವಿಕೆ ತೊಟ್ಟಿದ್ದರು, ಫ್ಲೆಕ್ಸಿನ ಮೇಲೆ ಮಾತ್ರ ಹೊಲಿಗೆ ಎಂಬ ಪದವೇ ಇರಲಿಲ್ಲ. ಕನ್ನಡಕ್ಕೆ ಇದು ತಕ್ಕುದಲ್ಲ. 12ನೆಯ ಶತಮಾನದಲ್ಲಿ ಇದೇ ಭಾಷೆ ಆಯ್ದಕ್ಕಿ ಲಕ್ಕಮ್ಮ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ ಎಂದು ಹೆಂಗಸರ ಕಾಯಕವನ್ನು ಅವರ ಹೆಸರಿಗಿಂತ ಮೊದಲು ಇಟ್ಟು ಕರೆದಿತ್ತು: ಅಕ್ಕಿ ಆಯುವವಳು, ನೂಲುವವಳು, ಭತ್ತ ಕುಟ್ಟುವವಳು. ಅವರಲ್ಲಿ ಲಕ್ಕಮ್ಮನವರಿಗೂ ಗಂಡನಿದ್ದರು, ಸಂಸಾರವಿತ್ತು. ಅವರನ್ನು ಯಾರೂ ಮನೆಯಲ್ಲೇ ಇರುವವರು ಎಂದು ಬರೆಯಲಿಲ್ಲ.

ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಈ ಸಲದ ಗಣತಿ ಮೊಬೈಲಿನಲ್ಲಿ ನಡೆಯಲಿದೆ ಎಂದಿದ್ದೀರಿ. ಹದಿನೈದು ದಾಟಿದ ಹೆಂಗಸಿನ ಎದುರು ಗಣತಿದಾರರು ಮನೆಗೆಲಸ ಎಂದು ಒತ್ತಿದ ಕೂಡಲೇ ಮುಂದಿನ ಪುಟ ತೆರೆದುಕೊಳ್ಳದಿರಲಿ. 'ಹೊಲಿಗೆ, ಕುಚ್ಚು, ಬೀಡಿ, ಊದುಬತ್ತಿ, ಹೂ ಕಟ್ಟುವುದು, ಹಪ್ಪಳ, ಹೈನು, ಅಂಗಡಿಯಲ್ಲಿ ಕೂರುವುದು, ಮಕ್ಕಳಿಗೆ ಮನೆಪಾಠ, ಇವುಗಳಲ್ಲಿ ಯಾವುದಾದರೂ ಮಾಡುತ್ತಾರೆಯೇ?' ಎಂದು ಅದೇ ಪರದೆಯ ಮೇಲೆ, ಅದೇ ಕ್ಷಣದಲ್ಲಿ ಕೇಳಲಿ. ಕೈಪಿಡಿಯ ಮೂಲೆಯಲ್ಲಿ ಕೆದಕಿ ಕೇಳಿ ಎಂದು ಬರೆದರೆ ನಾವು ಕೇಳುವುದಿಲ್ಲ, ಅದಕ್ಕೆ ನಾನೇ ಸಾಕ್ಷಿ. ಪಟ್ಟಿ ಆಯಾ ಜಿಲ್ಲೆಯ ಕಸುಬುಗಳದ್ದಾಗಿರಲಿ, ಆಯಾ ಊರಿನ ಮಾತಿನಲ್ಲಿರಲಿ. ಬೀಡಿಯ ಊರಿನಲ್ಲಿ ರೇಷ್ಮೆಗೂಡು ಬಿಡಿಸುತ್ತೀರಾ ಎಂದು ಕೇಳಿ ಪ್ರಯೋಜನವಿಲ್ಲ. ಜನರು ತಾವೇ ವಿವರ ತುಂಬಬಹುದಾದ ವ್ಯವಸ್ಥೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ಮೊಬೈಲು ಯಾರ ಕೈಯಲ್ಲಿದೆಯೋ ಅವರೇ ಎಲ್ಲರ ಪರವಾಗಿ ಒತ್ತುತ್ತಾರೆ, ಜಗಲಿಯ ಮೇಲಿನ ಅಪ್ಪ ಈಗ ಪರದೆಯ ಹಿಂದೆ ಕೂತಿರುತ್ತಾರೆ. ಮರಣ ವರದಿಯ ನಮೂನೆಯಲ್ಲಿಯೂ 'ಇಲ್ಲ' ಎಂದು ಬರೆಯುವ ಮೊದಲು ಮನೆಯಲ್ಲಿ ಕುಳಿತು ಮಾಡುತ್ತಿದ್ದ ಕಸುಬನ್ನು ವಿಚಾರಿಸಬೇಕೆಂದು ಒಂದು ಸಾಲು ಸೇರಿಸಿ. ತುಂಬುವ ಗುಮಾಸ್ತರಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯಬಹುದು.

ನನ್ನ ಮಟ್ಟಿಗೆ, ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪು ನಮೂದನ್ನು ತಿದ್ದಲು ಅವಕಾಶವಿರುವುದರಿಂದ, ಅಮ್ಮನ ಉದ್ಯೋಗದ ಅಂಕಣವನ್ನು ತಿದ್ದಿಕೊಡಬೇಕೆಂದು ಅದೇ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಅದೇ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ, "ಇದರಿಂದ ನಿಮಗೇನು ಬರುತ್ತೆ ಮೇಡಂ?" ಎಂದರು. ಏನೂ ಬರುವುದಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಾಯಿ ಹಪ್ಪಳ ಮಾಡ್ತಿದ್ರು" ಎಂದು ಸ್ವೀಕೃತಿಯ ಮೊಹರು ಹಾಕಿಕೊಟ್ಟರು. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ.

ಗಣತಿದಾರರಿಗೆ, ಅಂದರೆ ನನ್ನ ಸಹೋದ್ಯೋಗಿಗಳಿಗೆ, ಒಂದು ಮಾತು. ಈ ಬಾರಿಯ ಪಟ್ಟಿಯಲ್ಲಿ ನನ್ನ ಹೆಸರೂ ಇದ್ದರೆ ಅದು ನನಗೂ ಸೇರಿದ್ದು. ನಮ್ಮ ಬೀದಿಗೆ ಬಂದಾಗ ಎಡಗಡೆಯ ಮೂರನೆಯ ಮನೆಯ ಮುಂದೆ ಗಾರೆ ಕೆಲಸದವನು ಕುರ್ಚಿ ಹಾಕಿ ಕೂರಿಸುತ್ತಾನೆ, ನೀರು ಕೊಡುತ್ತಾನೆ, ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳುತ್ತಾನೆ. ಒಳಗಿನಿಂದ ಮೆಷಿನ್ನಿನ ಸದ್ದು ಬರುತ್ತಿರುತ್ತದೆ. ಅವಳು ಉದ್ದನೆಯ ಹೊಲಿಗೆಯೊಂದರ ನಡುವೆ ಇದ್ದರೆ ಕರೆದ ಕೂಡಲೇ ಎದ್ದು ಬರಲಾಗುವುದಿಲ್ಲ, ನಡುವೆ ನಿಲ್ಲಿಸಿದರೆ ಗೀಟು ಸೊಟ್ಟಗಾಗುತ್ತದೆ ಎಂದು ಅವಳಿಗೆ ಕಲಿಸಿದವರು ನಮ್ಮಮ್ಮ. ದಯವಿಟ್ಟು ಆ ಹೊಲಿಗೆ ಮುಗಿಯುವವರೆಗೆ ಕಾಯಿರಿ, ಅವಳು ಬಂದ ಮೇಲೆ ಅವಳನ್ನೇ ಕೇಳಿ.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆಗಾರ್ತಿಯೊಬ್ಬರ ಮಗಳು, ಪ್ರಾಥಮಿಕ ಶಾಲಾ ಶಿಕ್ಷಕಿ